ಚಾದರದ ಕೆಳಗಿನ ಹೂಗಳು

ಹಾಸಿಗೆ ಕೊಳ್ಳಲು ಅಂಗಡಿಗೆ ಹೋದಾಗ ನಾವು ಮೊದಲು ನೋಡುವುದು ಅದರ ಮೇಲಿನ ಹೂವು, ಬಳ್ಳಿ, ಮಿರುಗುವ ಬಣ್ಣ. ಮನೆಗೆ ತಂದ ದಿನವೇ ಚಾದರ ಹಾಸಿ ಅದನ್ನೆಲ್ಲ ಮುಚ್ಚಿಬಿಡುತ್ತೇವೆ. ಮತ್ತೆ ಆ ಹೂಗಳು ಬೆಳಕು ಕಾಣುವುದು ಹಬ್ಬದ ಮುಂಚೆ ಮಾಳಿಗೆಯ ಬಿಸಿಲಿಗೆ ಹಾಕಿದಾಗಲೇ. (ಗವಸಿನ ಬಣ್ಣ ಯಾವುದೆಂದು ಮನೆಯ ಗಂಡಸರನ್ನು ಕೇಳಿ ನೋಡಿ!) ಹಾಗಾದರೆ ಈ ಸಿಂಗಾರ ಯಾರಿಗಾಗಿ? ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವಳಿಗೆ ಇಂಥದ್ದಕ್ಕೆಲ್ಲ ಹಿಂದಿನ ಕಥೆ ಹುಡುಕುವ ಚಟ.

ಮೊದಲು ಇದ್ದದ್ದು ಹೂವಲ್ಲ, ಪಟ್ಟೆ. ಯೂರೋಪಿನಲ್ಲಿ ಹಕ್ಕಿಯ ಗರಿ ತುಂಬಿದ ಹಾಸಿಗೆಗೆ ಟಿಕಿಂಗ್ ಎಂಬ ಬಟ್ಟೆ ಬಳಸುತ್ತಿದ್ದರು. ಗರಿಯ ತುದಿ ಚುಚ್ಚಿ ಹೊರಬಾರದಂತೆ ಅದನ್ನು ಒತ್ತಾಗಿ ನೇಯುತ್ತಿದ್ದರು, ಒಳಬದಿಗೆ ಮೇಣವನ್ನೋ ಸಾಬೂನನ್ನೋ ತಿಕ್ಕುತ್ತಿದ್ದರು. ಹಾಸುನೂಲಿನಲ್ಲಿ ಅಲ್ಲಲ್ಲಿ ಬಣ್ಣದ ಎಳೆ ಸೇರಿಸಿದರೆ ಪಟ್ಟೆ ತಾನಾಗಿ ಮೂಡುತ್ತದೆ. ಹಾಸಿಗೆ ಆಗ ದುಬಾರಿ ವಸ್ತು. 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಎರಡನೆಯ ದರ್ಜೆಯ ಮಂಚವನ್ನು ಹೆಂಡತಿಗೆಂದು ಬರೆದಿಟ್ಟಿದ್ದ.

ದುಬಾರಿ ಎಂದ ಮೇಲೆ ಮೋಸವೂ ಇರಲೇಬೇಕಲ್ಲ. 1495ರಲ್ಲಿ, ಏಳನೆಯ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಹಾಸಿಗೆ ಮಾಡುವವರ ಮೇಲೆ ಒಂದು ಕಾಯಿದೆಯನ್ನೇ ತಂದಿತು. ಒಳ್ಳೆಯ ಗರಿಯ ಜೊತೆ ಕಳಪೆಯದನ್ನು ಬೆರೆಸುತ್ತಿದ್ದರಂತೆ. ಚರ್ಮ ಹದ ಮಾಡುವ ಸುಣ್ಣದ ಗುಂಡಿಯಿಂದ ತೆಗೆದ ದನದ ಕೂದಲು, ಮೇಕೆಯ ಕೂದಲು ತುಂಬುತ್ತಿದ್ದರಂತೆ. ಮಲಗಿದವರ ಮೈಶಾಖಕ್ಕೆ ಅದು ಗಬ್ಬು ನಾರುತ್ತಿತ್ತೆಂದು ಕಾಯಿದೆಯಲ್ಲೇ ಇದೆ. ನಾಲ್ಕು ಶತಮಾನ ಕಳೆದರೂ ವ್ಯಾಪಾರ ಬದಲಾಗಲಿಲ್ಲ. ಕೊಳಕು ಚಿಂದಿ ತುಂಬಿದ ಹಾಸಿಗೆಗಳ ಕಾಟ ತಡೆಯಲಾರದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರಾಜ್ಯಗಳು ಒಳಗೇನಿದೆ ಎಂದು ತಿಳಿಸುವ ಚೀಟಿಯನ್ನು ಹಾಸಿಗೆಗೆ ಹೊಲಿಯಬೇಕೆಂದು ಕಾನೂನು ಮಾಡತೊಡಗಿದವು.

ನಮ್ಮಲ್ಲಿ ಚೀಟಿ ಬೇಕಿರಲಿಲ್ಲ. ನಾನು ಚಿಕ್ಕವಳಿದ್ದಾಗ ದಾವಣಗೆರೆಯ ನಮ್ಮ ಓಣಿಗೆ ಪಿಂಜಾರ ಅಜ್ಜ ಬಿಲ್ಲು ಹೊತ್ತು ಬರುತ್ತಿದ್ದ. ಅಂಗಳದಲ್ಲಿ ಕೂತು ಟೊಂಯ್ ಟೊಂಯ್ ಎಂದು ಹಿಂಜಿದರೆ ಗಂಟುಗಟ್ಟಿದ ಹಳೆಯ ಹತ್ತಿ ಮಲ್ಲಿಗೆಯ ರಾಶಿಯಂತೆ ಏಳುತ್ತಿತ್ತು. "ನೋಡ್ಕಳ್ರಮ್ಮ, ಒಂದು ಬೀಜ ಇದ್ರೆ ಹೇಳ್ರಿ" ಎನ್ನುತ್ತಿದ್ದ. ನಮ್ಮ ಕಣ್ಣೆದುರಿಗೇ ತುಂಬಿ, ಹತ್ತಿ ಸರಿಯದಂತೆ ದಬ್ಬಳದಿಂದ ಅಲ್ಲಲ್ಲಿ ಹೊಲಿಗೆ ಹಾಕುತ್ತಿದ್ದ. ಗವಸಿಗೆ ಕೆಂಪು ಪಟ್ಟೆಯ ದಪ್ಪ ಬಟ್ಟೆಯಾದರೆ ಸಾಕು. ಅದಕ್ಕೆ ಹೂವಿಲ್ಲವೆಂದು ಯಾರೂ ಬೇಸರಪಟ್ಟದ್ದು ನನಗೆ ನೆನಪಿಲ್ಲ.

ಆಮೇಲೆ ತೆಂಗಿನ ನಾರಿಗೆ ರಬ್ಬರು ಸೇರಿಸಿದ ಹಾಸಿಗೆಗಳು ಬಂದವು, ಫೋಮು ಬಂತು. ಎಲ್ಲವೂ ಕಾರ್ಖಾನೆಯಲ್ಲೇ ಹೊಲಿದು ಮುಚ್ಚಿದವು. ಕೊಳ್ಳುವವಳಿಗೆ ಕಾಣುವುದು ಹೊರಗಿನ ಬಟ್ಟೆ ಮಾತ್ರ. ಹೊಟ್ಟೆ ಕಾಣದಿದ್ದಾಗ ಮೈ ಮಾತಾಡಬೇಕಾಗುತ್ತದೆ. ಗವಸು ಹೂಬಿಡತೊಡಗಿದ್ದು ಹೀಗೆ ಎಂದು ನನಗನ್ನಿಸುತ್ತದೆ. ಚಾದರದ ಕೆಳಗೆ ಮಲಗಿರುವ ಆ ಹೂಗಳು ಮಲಗುವವರಿಗಲ್ಲ, ಅಂಗಡಿಯ ಗೋಡೆಗೆ ಒರಗಿಸಿದಾಗ ಎದುರಿಗೆ ನಿಲ್ಲುವವರಿಗೆ.

1996ರಲ್ಲಿ ತಂಗಿಯ ಮದುವೆಗೆಂದು ಅಪ್ಪ ಒಂದು ಅಂಗಡಿಯಿಂದ ಜೋಡಿ ಹಾಸಿಗೆ ತಂದರು. ನೀಲಿ ನೆಲದ ಮೇಲೆ ಬಂಗಾರದ ಬಣ್ಣದ ಗುಲಾಬಿಗಳು. ಬೀಗರ ಕಡೆಯ ಹೆಂಗಸರು ಮುಟ್ಟಿ ಮುಟ್ಟಿ ನೋಡಿ ಮೆಚ್ಚಿದರು. ಎರಡು ವರ್ಷಕ್ಕೇ ನಡುವೆ ಹೊಂಡ ಬಿತ್ತು. "ನಿಮ್ಮ ತವರಿನವರು ಕೊಟ್ಟದ್ದು ಇಷ್ಟೇನಾ" ಎಂಬ ಅತ್ತೆಯ ಮಾತು ಕೇಳಿ ತಂಗಿ ಅತ್ತಳು. ಬಿಚ್ಚಿ ನೋಡಿದರೆ ಒಳಗೆ ಫೋಮಿನ ಚೂರು, ದರ್ಜಿಯ ಚಿಂದಿ, ಒಂದಿಷ್ಟು ಹೊಟ್ಟು. ಅಂಗಡಿಯವನು ಗವಸನ್ನೇ ಎತ್ತಿ ತೋರಿಸಿ, "ಬಟ್ಟೆ ನೋಡಿ ಸಾರ್, ಏನಾದರೂ ಹರಿದಿದೆಯಾ" ಎಂದು ಅಪ್ಪನನ್ನೇ ಕೇಳಿದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಬಟ್ಟೆ ಗಟ್ಟಿಯಾಗಿಯೇ ಇತ್ತು. ಅಮ್ಮ ಅದನ್ನು ಒಗೆದು ಒಣಗಿಸಿ, ಹತ್ತಿ ಅಂಗಡಿಗೆ ತೆಗೆದುಕೊಂಡು ಹೋಗಿ ತಂಗಿಗೆ ಹೊಸ ಹಾಸಿಗೆ ಮಾಡಿಸಿದಳು. ಹತ್ತಿ ತೂಗುವಾಗಿನಿಂದ ಕೊನೆಯ ಹೊಲಿಗೆ ಬೀಳುವವರೆಗೂ, ಕೂರಲು ಸ್ಟೂಲು ಕೊಟ್ಟರೂ ಕೂರದೆ, ತಕ್ಕಡಿಯ ಪಕ್ಕದಲ್ಲೇ ನಿಂತಿದ್ದಳು.