ಕಾಯಿನ್ ಫೋನಿನ ಕಾಲ: ‘ದಿ ಹೌಸ್ ಆಫ್ ದ ಡೆವಿಲ್’ ಚಿತ್ರದ ಎಂಬತ್ತರ ದಶಕ

ತೀರಾ ಹಳೆಯ ಕಾಲವನ್ನು ತೆರೆಗೆ ತರುವುದಕ್ಕಿಂತ ಇಪ್ಪತ್ತೈದು ಮೂವತ್ತು ವರ್ಷ ಹಿಂದಿನದನ್ನು ತರುವುದು ಕಷ್ಟ. ಆ ಕಾಲದಲ್ಲಿ ಬದುಕಿದವರೇ ಪ್ರೇಕ್ಷಕರಲ್ಲಿ ಇರುವುದರಿಂದ ತಪ್ಪು ಥಟ್ಟನೆ ಸಿಕ್ಕಿಬೀಳುತ್ತದೆ. ಕೈಯಲ್ಲಿ ಕಾಸಿಲ್ಲದ ಸ್ವತಂತ್ರ ನಿರ್ದೇಶಕರಿಗೆ ಬೀದಿಗೆ ಬೀದಿಯನ್ನೇ ಹಳತು ಮಾಡುವುದೂ ಆಗದ ಮಾತು. ಟೈ ವೆಸ್ಟ್ ಸುಮಾರು 9 ಲಕ್ಷ ಡಾಲರ್ ವೆಚ್ಚದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಚಿತ್ರೀಕರಿಸಿದ ‘ದಿ ಹೌಸ್ ಆಫ್ ದ ಡೆವಿಲ್’ (2009) ಈ ತೊಡಕಿಗೆ ಕಂಡುಕೊಂಡ ದಾರಿ, ಎಂಬತ್ತರ ದಶಕದಲ್ಲಿ ಸಿನಿಮಾ ತೆಗೆಯುತ್ತಿದ್ದ ಕ್ರಮವನ್ನೇ ಮರಳಿ ಹಿಡಿಯುವುದು.

ಚಿತ್ರ 16 ಎಂ.ಎಂ. ಫಿಲ್ಮ್‌ನಲ್ಲಿ ತಯಾರಾಯಿತು. ಟ್ರಾಲಿಯ ಮೇಲೆ ಕ್ಯಾಮೆರಾ ತಳ್ಳಬಹುದಾದ ಕಡೆಗಳಲ್ಲಿ ಛಾಯಾಗ್ರಾಹಕ ಎಲಿಯಟ್ ರಾಕೆಟ್ ಹಳೆಯ ಚಿತ್ರಗಳಂತೆ ಜೂಮ್ ಬಳಸುತ್ತಾರೆ. ನಾಯಕಿಯ ನಡಿಗೆ ಫಕ್ಕನೆ ಸ್ತಬ್ಧವಾಗಿ, ಅದರ ಮೇಲೆ ಹಳದಿ ಅಕ್ಷರಗಳ ಶೀರ್ಷಿಕೆ ಮೂಡುತ್ತದೆ. ಮನೆ ಮಾಲಕಿಯ ಪುಟ್ಟ ಪಾತ್ರಕ್ಕೆ ‘ಇ.ಟಿ.’ (1982) ಚಿತ್ರದ ತಾಯಿ ಡೀ ವ್ಯಾಲೇಸ್ ಬಂದಿದ್ದಾರೆ. ಆ ಮುಖವೇ ಕಾಲದ ಗುರುತು.

ಆರಂಭದ ಬರಹ, 1980ರ ದಶಕದಲ್ಲಿ ಶೇ. 70ಕ್ಕೂ ಹೆಚ್ಚು ಅಮೆರಿಕನ್ ವಯಸ್ಕರು ಸೈತಾನ ಪಂಥಗಳಿವೆಯೆಂದು ನಂಬಿದ್ದರು ಎನ್ನುತ್ತದೆ. ಅಂಕಿಯನ್ನು ಪ್ರಮಾಣವಾಗಿ ಒಪ್ಪಬೇಕಿಲ್ಲ. ಭಯವಂತೂ ನಿಜವಾಗಿತ್ತು. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲೆ 1983ರಲ್ಲಿ ಎದ್ದ, ಸೈತಾನ ಆಚರಣೆಯೂ ಸೇರಿದ್ದ ಆರೋಪಗಳು ವರ್ಷಗಟ್ಟಲೆ ವಿಚಾರಣೆಯಲ್ಲಿ ಎಳೆದಾಡಿ, 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿದವು. ಅಷ್ಟರಲ್ಲಿ ಆರೋಪ ಹೊತ್ತವರ ಬದುಕು ಹಾಳಾಗಿತ್ತು. ಚಿತ್ರ ಈ ಅನ್ಯಾಯದ ಕಡೆ ತಿರುಗದೆ ಸೈತಾನ ಪಂಥವನ್ನು ನಿಜವೆಂದೇ ತೋರಿಸುತ್ತದೆ. ಅದರ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ.

ಆದರೆ ಫೋನನ್ನು ಬಳಸಿದ ಜಾಣ್ಮೆ ಅಪೂರ್ವ. ಬಾಡಿಗೆ ಮನೆಗೆ ಹಣ ಹೊಂದಿಸಬೇಕಾದ ವಿದ್ಯಾರ್ಥಿನಿ ಸಮಾಂತಾ, ಮಗು ನೋಡಿಕೊಳ್ಳುವ ಕೆಲಸದ ಚೀಟಿಯನ್ನು ಕಾಲೇಜಿನಲ್ಲಿ ಕಂಡು ಕಾಯಿನ್ ಫೋನಿನಿಂದ ಕರೆ ಮಾಡುತ್ತಾಳೆ. ಉತ್ತರವಿಲ್ಲ. ಅವಳು ಅಲ್ಲಿಂದ ಕದಲುವಷ್ಟರಲ್ಲಿ ಅದೇ ಫೋನು ರಿಂಗಾಗುತ್ತದೆ. ಮುಂದೆ ಕೆಲಸಕ್ಕೆಂದು ಹೋದ ಒಂಟಿ ಮನೆಯಿಂದ ಗೆಳತಿ ಮೇಗನ್‌ಗೆ ಅವಳು ಫೋನು ಹಚ್ಚುವಾಗ ಆಕೆ ಕೊಲೆಯಾಗಿರುವುದು ನಮಗೆ ಗೊತ್ತು, ಅವಳಿಗಿಲ್ಲ. ಜೇಬಿನಲ್ಲಿ ಮೊಬೈಲಿರುವ ಕಾಲದ ಕಥೆಯಾಗಿದ್ದರೆ ಸಿಗ್ನಲ್ ಇಲ್ಲ, ಬ್ಯಾಟರಿ ಮುಗಿಯಿತು ಎಂಬ ನೆಪ ಹುಡುಕಬೇಕಿತ್ತು. ಇಲ್ಲಿ ಕಾಲವೇ ಕಥೆಯ ಗಂಟು ಬಿಗಿಯುತ್ತದೆ, ಅದೂ ಖರ್ಚಿಲ್ಲದೆ. ಹಾಗಾಗಿ ವಾಕ್‌ಮನ್ ಹಾಕಿಕೊಂಡು ಅವಳು ಮನೆಯೆಲ್ಲ ಕುಣಿಯುವಾಗಲೂ ಹಳೆಯ ಕಾಲದ ಹಂಬಲಕ್ಕಿಂತ ಅವಳು ಒಂಟಿ ಎಂಬ ಆತಂಕವೇ ಮೇಲಾಗುತ್ತದೆ.

ಪ್ರಚಾರಕ್ಕೆಂದು ಚಿತ್ರವನ್ನು ವಿ.ಎಚ್.ಎಸ್. ಕ್ಯಾಸೆಟ್‌ನಲ್ಲೂ ಹೊರತಂದರು. 1979ರಲ್ಲಿ ನಡೆಯುವ ‘ಎಕ್ಸ್’ (2022) ಚಿತ್ರಕ್ಕೆ ವೆಸ್ಟ್ ಮತ್ತೆ ರಾಕೆಟ್ ಅವರನ್ನೇ ಕರೆದರು. ಈ ಬಾರಿ ಸಿನಿಮಾ ತೆಗೆಯಲು ಹೊರಟ ಬಡ ತಂಡವೇ ಕಥೆಯ ಒಳಗೆ ಬಂತು.