ಈಸ್ಟರ್ ಲೆಕ್ಕ ತಪ್ಪಿದ ವರ್ತಕ

ರಷ್ಯಾ ಎಂದರೆ ನಮ್ಮ ಪೀಳಿಗೆಯವರಿಗೆ ಭಿಲಾಯಿ ಉಕ್ಕು, ಅಗ್ಗದ ಬೆಲೆಯ ಪುಸ್ತಕಗಳು, ಇಷ್ಟೇ ಅನ್ನಿ. ಆ ಜನ ಎಂಥವರೆಂದು ನನಗೆ ತಿಳಿಸಿದವನು ಅಫನಾಸಿ ನಿಕಿತಿನ್, 1470ರ ಆಸುಪಾಸಿನಲ್ಲಿ ನಮ್ಮ ಬೀದರಿಗೆ ಬಂದಿದ್ದ ವರ್ತಕ.

ಅವನ ಊರು ವೋಲ್ಗಾ ದಂಡೆಯ ತ್ವೇರ್. ಆಗ ರಷ್ಯಾ ಒಂದೇ ರಾಜ್ಯವಾಗಿರಲಿಲ್ಲ. ತ್ವೇರಿಗೆ ಒಬ್ಬ ಅರಸ, ಮಾಸ್ಕೋಗೆ ಇನ್ನೊಬ್ಬ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ವೋಲ್ಗಾ ಬೇಸಿಗೆಯಲ್ಲಿ ವ್ಯಾಪಾರದ ಹೆದ್ದಾರಿ. ಆ ದಾರಿಯಲ್ಲೇ, ಅಸ್ತ್ರಾಖಾನ್ ಹತ್ತಿರ, ತಾತಾರರು ಇವರನ್ನು ದೋಚಿದರು. ಊರಲ್ಲಿ ಏನಾದರೂ ಇದ್ದವರು ಊರಿಗೆ ಹೋದರು, ಸಾಲ ಇದ್ದವರು ಕಣ್ಣು ಹೋದತ್ತ ನಡೆದರು ಎಂಬರ್ಥದಲ್ಲಿ ಬರೆದುಕೊಂಡಿದ್ದಾನೆ. ಸಾಲದ ಖಾತೆಗಳ ನಡುವೆ ಸರ್ವಿಸ್ ಮುಗಿಸಿದ ನನಗೆ ಈ ಮಾತು ನಾಟಿತು.

ಮುಂಬೈನ ದಕ್ಷಿಣಕ್ಕಿರುವ ಚೌಲ್ ಬಂದರಿನಲ್ಲಿ ಇಳಿದಾಗ ಅವನ ಬಂಡವಾಳ 100 ರೂಬಲ್ಲಿನ ಒಂದು ಕುದುರೆ. ಜುನ್ನರಿನ ಖಾನ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಅಂದ. ಖುರಾಸಾನದ ಒಬ್ಬ ಮುಸಲ್ಮಾನನೇ ನಡುವೆ ಬಂದು ಬಿಡಿಸಿಕೊಟ್ಟ. ಕುದುರೆ ಕೊನೆಗೆ ಬೀದರಿನಲ್ಲಿ ಮಾರಾಟವಾಯಿತು.

ಅದು ಮಹಮೂದ್ ಗವಾನನ ಕಾಲದ ಬೀದರ್. ಸರದಾರರ ವೈಭವ, ಹಳ್ಳಿಗರ ಬಡತನ ಎರಡನ್ನೂ ಅವನು ಗುರುತು ಹಾಕಿಕೊಂಡ. ಮೆಣಸು, ಬಣ್ಣ ಅಗ್ಗ, ಆದರೆ ಸುಂಕ ಜಾಸ್ತಿ, ಕಡಲಲ್ಲಿ ಕಳ್ಳರು, ನಮ್ಮ ನಾಡಿಗೆ ಒಯ್ಯುವ ಸರಕೇ ಇಲ್ಲ ಎಂಬ ಗೊಣಗಾಟವೂ ಇದೆ. ಬೀದರಿನ ಹಿಂದೂಗಳ ಜೊತೆ ಜಾತ್ರೆಗೆ ಶ್ರೀಶೈಲಕ್ಕೂ ಹೋದ. ದೇವಸ್ಥಾನ ಎಷ್ಟು ದೊಡ್ಡದು? ಅರ್ಧ ತ್ವೇರಿನಷ್ಟು! ಪರವೂರಲ್ಲಿ ನಾವೂ ಹೀಗೆಯೇ ಅಳೆಯುವುದು ತಾನೆ?

ರಷ್ಯನ್ನರ ವರ್ಷ ಚರ್ಚಿನ ವರ್ಷ. ಈಸ್ಟರಿಗೆ ಮುಂಚೆ ಏಳು ವಾರ ಮಾಂಸವಿಲ್ಲ, ಹಾಲುಬೆಣ್ಣೆಯೂ ಇಲ್ಲ. ನಮ್ಮ ಯುಗಾದಿಯಂತೆ ಈಸ್ಟರಿಗೂ ಚಂದ್ರನ ಲೆಕ್ಕ; ತಾರೀಖು ಪ್ರತಿವರ್ಷ ಬೇರೆ. ಆ ಲೆಕ್ಕದ ಪುಸ್ತಕಗಳು ದೋಚಿದವರ ಪಾಲಾಗಿದ್ದವು. ಮುಂಬೈಯಲ್ಲಿ ನಮಗೆ ಊರಿಂದ ಪಂಚಾಂಗವಾದರೂ ಬರುತ್ತಿತ್ತು. ಇವನು ಪಾಪ, ಸುತ್ತಲಿನ ಮುಸಲ್ಮಾನರು ಉಪವಾಸ ಹಿಡಿದಾಗ ತಾನೂ ಹಿಡಿದ, ಹಬ್ಬದ ದಿನವನ್ನು ಊಹಿಸಿಕೊಂಡ. ಈ ಅಳಲು ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ.

ತನ್ನ ನಾಡನ್ನು ದೇವರು ಕಾಯಲಿ, ಅಂಥದ್ದು ಲೋಕದಲ್ಲಿ ಇನ್ನೊಂದಿಲ್ಲ, ಅಲ್ಲಿನ ದೊಡ್ಡವರು ಮಾತ್ರ ನ್ಯಾಯವಂತರಲ್ಲ ಎಂಬ ಪ್ರಾರ್ಥನೆ ಅವನದು. ಅದನ್ನು ಬರೆದದ್ದು ರಷ್ಯನ್ನಿನಲ್ಲಲ್ಲ, ತುರ್ಕಿ ಮಾತಿನಲ್ಲಿ. ಊರಿನವರ ಕಣ್ಣಿಗೆ ಬೀಳದಿರಲಿ ಎಂದಿರಬಹುದು. ನನಗೇನೋ, ಅಷ್ಟು ಹೊತ್ತಿಗೆ ಅವನ ಪ್ರಾರ್ಥನೆಯೇ ಆ ಭಾಷೆಗೆ ಹೊರಳಿತ್ತು ಅನ್ನಿಸುತ್ತದೆ.

ಹಿಂತಿರುಗುವಾಗ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ವರ್ತಕರು ತಂದ ಅವನ ಹಸ್ತಪ್ರತಿ 1475ರಲ್ಲಿ ಮಾಸ್ಕೋ ಸೇರಿತು. 1485ರಲ್ಲಿ ತ್ವೇರೂ ಮಾಸ್ಕೋಗೆ ಸೇರಿಹೋಯಿತು.