ಮೊಣಗಂಟು ನೋವು: ಹಿರಿಯರನ್ನು ಕೂರಿಸಿಬಿಡುವುದು ಮದ್ದಲ್ಲ

ಜುಮಾ ದಿನ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮಸೀದಿಗಳಿಗೆ ಹೋದರೆ ಸಫ್‌ನ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಕಾಣುತ್ತವೆ. ಮನೆಯೊಳಗೆ ಉಮ್ಮಂದಿರ ಮುಸಲ್ಲಾದ ಪಕ್ಕದಲ್ಲೂ ಒಂದು ಕುರ್ಚಿ ಉಂಟು. ಕೇಳಿದರೆ "ಗಂಟು ಸವೆದಿದೆ ಮೋನೇ, ವಯಸ್ಸಾಯಿತಲ್ಲ, ಇನ್ನೆಂತ ಮಾಡುವುದು" ಎಂಬ ಒಂದೇ ಉತ್ತರ.

ಮಾಡಲಿಕ್ಕೆ ಬೇಕಾದಷ್ಟು ಉಂಟು. ಅದನ್ನು ಹೇಳಲಿಕ್ಕೇ ಈ ಬರಹ. ನಾನು ಡಾಕ್ಟರ್ ಅಲ್ಲ. ನನ್ನ ಉಮ್ಮನ ಮೊಣಗಂಟು ನೋವಿನಲ್ಲಿ ಮೊದಲು ತಪ್ಪು ಮಾಡಿ, ಆಮೇಲೆ ಡಾಕ್ಟರ್ ಮತ್ತು ಫಿಸಿಯೋಥೆರಪಿಸ್ಟ್ ಹೇಳಿದ್ದನ್ನು ಕೇಳಿ, ಓದಿ ತಿಳಿದುಕೊಂಡ ಒಬ್ಬ ಮಗ. ನಾವು ಮಾಡಿದ ತಪ್ಪನ್ನು ಬೇರೆ ಮನೆಯವರು ಮಾಡಬಾರದು.

ಇದು ಎಂತ ಕಾಯಿಲೆ?

ಡಾಕ್ಟರರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ನಮ್ಮ ಕಡೆ ಆಸ್ಪತ್ರೆಗಳಲ್ಲಿ ಮಲಯಾಳಂನಲ್ಲಿ 'ತೇಯ್ಮಾನಂ' ಎಂದು ಹೇಳುವುದನ್ನು ಕೇಳಿರಬಹುದು. ಎರಡು ಎಲುಬುಗಳ ತುದಿಯಲ್ಲಿ ಜಾರುವ ಮೆದು ಪದರ ಇರುತ್ತದೆ. ಅದು ತೆಳುವಾಗುತ್ತದೆ, ಎಲುಬಿನ ಅಂಚು ಬೆಳೆಯುತ್ತದೆ, ಸುತ್ತಲಿನ ಸ್ನಾಯುಗಳು ಸೋಲುತ್ತವೆ. ಅಂದರೆ ಬರೀ ಪದರದ ಸವೆತ ಅಲ್ಲ, ಇಡೀ ಗಂಟಿನ ಸಮಸ್ಯೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ಶೇ. 60ರಷ್ಟು ಹೆಂಗಸರು. ಶೇ. 73ರಷ್ಟು ಮಂದಿ 55 ವರ್ಷ ದಾಟಿದವರು. ಎಲ್ಲಕ್ಕಿಂತ ಹೆಚ್ಚು ಬಾಧೆ ಮೊಣಗಂಟಿಗೆ.

ವಯಸ್ಸು, ಹೆಚ್ಚಾದ ತೂಕ, ಹಿಂದೆ ಆದ ಪೆಟ್ಟು, ವಂಶದ ಗುಣ, ವರ್ಷಗಟ್ಟಲೆ ಮೊಣಕಾಲೂರಿ ಅಥವಾ ಕುಕ್ಕರಗಾಲಲ್ಲಿ ಕೂತು ಮಾಡಿದ ಕೆಲಸ, ಇವೆಲ್ಲ ಕಾರಣಗಳು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳ ಮದುವೆ ಮಾಡಿಸಿದ ಉಮ್ಮಂದಿರ ಕಾಲು ಇವತ್ತು ನೋಯುತ್ತಿದೆ ಅಂದರೆ "ವಯಸ್ಸಾಯಿತು" ಎಂದು ಹೇಳಿ ಮುಗಿಸುವುದು ನ್ಯಾಯವಲ್ಲ.

ಗುರುತಿಸುವುದು ಹೇಗೆ?

45 ದಾಟಿದವರಲ್ಲಿ ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಹೆಚ್ಚಿ, ಕೂತಾಗ ಕಡಿಮೆಯಾದರೆ. ಬೆಳಿಗ್ಗೆ ಏಳುವಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಹೆಚ್ಚಾಗಿ ಇದೇ ಕಾಯಿಲೆ. ಎಷ್ಟೋ ಸಲ ಎಕ್ಸ್‌ರೇ ಇಲ್ಲದೆಯೇ ಡಾಕ್ಟರ್ ಹೇಳಬಲ್ಲರು. ಎಕ್ಸ್‌ರೇಯಲ್ಲಿ ತುಂಬ ಸವೆತ ಕಂಡವರಿಗೆ ನೋವು ಕಡಿಮೆ ಇರಬಹುದು, ಸ್ವಲ್ಪ ಕಂಡವರಿಗೆ ಜಾಸ್ತಿ ಇರಬಹುದು. ಫಿಲ್ಮ್ ನೋಡಿ ಹೆದರಬೇಡಿ.

ಆದರೆ ಈ ಲಕ್ಷಣಗಳಿದ್ದರೆ ಮನೆಮದ್ದು ಬಿಟ್ಟು ಬೇಗ ಡಾಕ್ಟರ ಹತ್ತಿರ ಹೋಗಬೇಕು:

• ಗಂಟು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ
• ಬಿದ್ದ ಮೇಲೆ ಕಾಲೂರಲು ಆಗದಿದ್ದರೆ
• ಬೆಳಗಿನ ಬಿಗಿತ ಗಂಟೆಗಿಂತ ಹೆಚ್ಚು ಹೊತ್ತು ಇದ್ದು, ಕೈಬೆರಳಿನ ಗಂಟುಗಳೂ ಊದಿದರೆ (ಇದು ಬೇರೆ ಬಗೆಯ ವಾತ ಇರಬಹುದು)
• ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ
• ಮಲಗಿದಾಗಲೂ ಬಿಡದ ನೋವಿದ್ದು, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ

ನಾವು ಮಾಡಿದ ತಪ್ಪು

ಉಮ್ಮನಿಗೆ ನೋವು ಶುರುವಾದಾಗ ನಾವು ಮಕ್ಕಳೆಲ್ಲ ಸೇರಿ ಹೇಳಿದ್ದು, "ಉಮ್ಮಾ, ನೀವಿನ್ನು ಏಳಬೇಡಿ, ಕೂತ್ಕೊಳ್ಳಿ." ಕೆಲಸಕ್ಕೆ ಜನ ಇಟ್ಟೆವು. ನೀರಿನ ಗ್ಲಾಸನ್ನೂ ಕೈಗೆ ತಂದು ಕೊಟ್ಟೆವು. ಗಲ್ಫಿನಲ್ಲಿರುವ ಅಣ್ಣ ವೀಡಿಯೊ ಕಾಲ್‌ನಲ್ಲಿ ದಿನಾ ಕೇಳುವುದು "ರೆಸ್ಟ್ ತಗೊಂಡಿರಾ?" ಎಂದೇ. ಆರು ತಿಂಗಳಾಗುವಾಗ ಉಮ್ಮನಿಗೆ ಕುರ್ಚಿಯ ಕೈ ಹಿಡಿಯದೆ ಏಳಲು ಆಗ್ತಿರಲಿಲ್ಲ. ತೂಕ ಏರಿತ್ತು. ನೆರೆಮನೆಯ ಮದುವೆಗೂ "ನಾನು ಬರುವುದಿಲ್ಲ" ಎಂದರು.

ಫಿಸಿಯೋಥೆರಪಿಸ್ಟ್ ನಮಗೆ ಹೇಳಿದ್ದು ಇಷ್ಟೆ: ಮೊಣಗಂಟಿನ ಭಾರ ಹೊರುವುದರಲ್ಲಿ ತೊಡೆಯ ಮುಂಭಾಗದ ಸ್ನಾಯುವಿಗೆ ದೊಡ್ಡ ಪಾಲು ಉಂಟು. ಕೂತಷ್ಟೂ ಅದು ಕರಗುತ್ತದೆ. ಅದು ಕರಗಿದರೆ ಭಾರವೆಲ್ಲ ಗಂಟಿನ ಮೇಲೆ. ನೋವೆಂದು ಕೂರುವುದು, ಕೂತದ್ದಕ್ಕೆ ನೋವು ಹೆಚ್ಚುವುದು, ಹೀಗೇ ಸುತ್ತುತ್ತದೆ. ನಾವು ಪ್ರೀತಿಯಿಂದಲೇ ಉಮ್ಮನ ಕಾಲಿನ ಬಲ ಕಳೆದಿದ್ದೆವು.

ಮೊದಲ ಮದ್ದು: ವ್ಯಾಯಾಮ

ಇವತ್ತಿನ ವೈದ್ಯಕೀಯ ಮಾರ್ಗದರ್ಶನಗಳಲ್ಲಿ ಈ ನೋವಿಗೆ ವ್ಯಾಯಾಮವೇ ಮೊದಲ ಚಿಕಿತ್ಸೆ, ಮಾತ್ರೆ ಆಮೇಲೆ. ಮನೆಯಲ್ಲೇ ಮಾಡಬಹುದಾದ ನಾಲ್ಕು ವ್ಯಾಯಾಮ:

1. ಕಾಲು ಚಾಚಿ ಮಂಚದ ಮೇಲೆ ಕೂತು, ಮೊಣಗಂಟಿನ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು 5 ಸೆಕೆಂಡ್ ಕೆಳಕ್ಕೆ ಒತ್ತಿ ಬಿಡುವುದು. 10 ಸಲ.
2. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ 5 ಸೆಕೆಂಡ್ ಹಿಡಿಯುವುದು. 10 ಸಲ.
3. ಗಟ್ಟಿ ಕುರ್ಚಿಯಿಂದ ಎದ್ದು ನಿಂತು ನಿಧಾನ ಕೂರುವುದು. 5 ಸಲದಿಂದ ಶುರು ಮಾಡಿ. ಕುರ್ಚಿ ಗೋಡೆಗೆ ತಾಗಿರಲಿ.
4. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. 10 ಸಲ.

ಜೊತೆಗೆ ಸಮತಟ್ಟು ಜಾಗದಲ್ಲಿ 10 ನಿಮಿಷ ನಡಿಗೆ, ದಿನಕ್ಕೆ ಎರಡು ಸಲ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ಆಗ ಚಾವಡಿಯಲ್ಲೇ ಆಚೆ ಈಚೆ ನಡೆದರೂ ಸಾಕು.

ಮಾಡುವಾಗ ಸ್ವಲ್ಪ ನೋವಾದರೆ ಗಂಟು ಹಾಳಾಗುತ್ತದೆ ಅಂತ ಅರ್ಥವಲ್ಲ. ಮರುದಿನವೂ ನೋವು ಹೆಚ್ಚೇ ಇದ್ದರೆ ಮಾತ್ರ ಲೆಕ್ಕ ಕಡಿಮೆ ಮಾಡಿ, ನಿಲ್ಲಿಸಬೇಡಿ. ಗುಣ ಕಾಣಲು ಕೆಲವು ವಾರ ಬೇಕು. ಒಂದು ವಾರ ಮಾಡಿ "ಇದರಿಂದ ಆಗ್ಲಿಕ್ಕಿಲ್ಲ" ಎಂದು ಬಿಡುವವರೇ ಹೆಚ್ಚು. ಎದೆನೋವು, ಹೃದಯದ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ತೂಕದ ಲೆಕ್ಕ

ತೂಕ ಹೆಚ್ಚಿದ್ದ ಹಿರಿಯರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಕಂಡದ್ದು: ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಅಂದರೆ 5 ಕಿಲೋ ಇಳಿಸಿದರೆ ಹೆಜ್ಜೆಗೆ 20 ಕಿಲೋ ಲಾಭ. ಯಾವ ವ್ಯಾಪಾರದಲ್ಲೂ ಇಂಥ ಲಾಭ ಸಿಗುವುದಿಲ್ಲ.

ಹಿರಿಯರನ್ನು ಉಪವಾಸ ಕೆಡವುವುದು ಬೇಡ. ಸಕ್ಕರೆ ಹಾಕಿದ ಚಾ ಮೂರಿದ್ದರೆ ಒಂದು ಮಾಡಿ. ಎಣ್ಣೆಯಲ್ಲಿ ಕರಿದ ತಿಂಡಿ, ಬೇಕರಿ ತಿಂಡಿ ದಿನನಿತ್ಯ ಬೇಡ. ಅನ್ನ, ಪತ್ತಿರ್ ಸ್ವಲ್ಪ ಕಡಿಮೆ ಮಾಡಿ, ತರಕಾರಿ, ಬೇಳೆ, ಮೀನು ಸ್ವಲ್ಪ ಹೆಚ್ಚು ಮಾಡಿ. ಸ್ನಾಯು ಬೆಳೆಯಲು ಪ್ರೊಟೀನ್ ಬೇಕು.

ಮಾತ್ರೆಯ ವಿಷಯದಲ್ಲಿ ಎಚ್ಚರ

ಮೊಣಗಂಟಿಗೆ ಮೊದಲು ಹಚ್ಚುವ ಜೆಲ್. ಡೈಕ್ಲೋಫೆನಾಕ್‌ನಂಥ ಜೆಲ್‌ನಿಂದ ಮದ್ದು ರಕ್ತಕ್ಕೆ ಸೇರುವುದು ಕಡಿಮೆ, ಹಾಗಾಗಿ ಹೊಟ್ಟೆ ಮತ್ತು ಕಿಡ್ನಿಗೆ ಅಪಾಯವೂ ಕಡಿಮೆ. ಗಲ್ಫಿನಿಂದ ಬರುವ ಬಾಮ್, ಕೊಡಲಿ ತೈಲ ಚರ್ಮಕ್ಕೆ ಬಿಸಿ-ತಂಪು ಕೊಟ್ಟು ನೋವು ಮರೆಸುತ್ತವೆ. ಹಚ್ಚುವುದರಲ್ಲಿ ತಪ್ಪಿಲ್ಲ, ಸವೆತ ಮಾತ್ರ ಅದರಿಂದ ಸರಿಯಾಗದು. ಗ್ಲೂಕೋಸಮೈನ್ ಡಬ್ಬಿಗಳನ್ನು ಮಕ್ಕಳು ದುಬಾರಿ ಹಣ ಕೊಟ್ಟು ಕಳಿಸುತ್ತಾರೆ. ಬ್ರಿಟನ್ನಿನ 2022ರ ಮಾರ್ಗದರ್ಶಿ ಅದನ್ನು ಕೊಡಬೇಡಿ ಎಂದೇ ಹೇಳಿದೆ.

ದೊಡ್ಡ ಅಪಾಯ ಇರುವುದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ಪೇಯ್ನ್ ಕಿಲ್ಲರ್‌ನಲ್ಲಿ. ನಮ್ಮ ಉಮ್ಮ ಮೆಡಿಕಲ್ ಶಾಪಿನಿಂದ ತರಿಸಿ ತಿಂದದ್ದು ಹಾಗೆಯೇ. ಪಾದ ಊದಿತು, ಬಿಪಿ ಏರಿತು. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿಗೆ ಪೆಟ್ಟು ಬೀಳತೊಡಗಿದ್ದು ಗೊತ್ತಾಯಿತು. ಡಾಕ್ಟರ್ ಆ ಮಾತ್ರೆ ನಿಲ್ಲಿಸಿದ ಮೇಲೆ ಸರಿಯಾಯಿತು, ಅಲ್ಹಮ್ದುಲಿಲ್ಲಾಹ್. ಆದ್ದರಿಂದ:

• ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಒಂದೇ ಜಾತಿಯವು. ಹೆಸರು ಬೇರೆಂದು ಎರಡನ್ನೂ ತಿನ್ನಬಾರದು.
• ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ, ಹೊಟ್ಟೆಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ಡಾಕ್ಟರಿಗೆ ಎಲ್ಲ ಮಾತ್ರೆಗಳನ್ನೂ ತೋರಿಸಿ.
• ಹಲವು ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೆಂದು ಬೇರೆ ತಿಂದರೆ ಡಬಲ್ ಆಗಿ ಲಿವರಿಗೆ ಹಾನಿ.
• ಎರಡೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಅದು ಶುಗರ್ ಏರಿಸುತ್ತದೆ, ಎಲುಬು ಸಡಿಲ ಮಾಡುತ್ತದೆ.

ಇನ್ನೊಂದು ವಿಷಯ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಸೂಚನೆಗಳು ಹೆಚ್ಚಾಗಿ ಮಲಯಾಳಂನಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಾತು ಅರ್ಥವಾದರೂ ಓದಲು ಬರುವುದಿಲ್ಲ. ಜೊತೆಗೆ ಹೋಗುವ ಯುವಕರು ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ ಬರೆದುಕೊಡಿ. ಫಿಸಿಯೋಥೆರಪಿಸ್ಟ್ ಒಪ್ಪಿದರೆ ವ್ಯಾಯಾಮವನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿಕೊಳ್ಳಿ.

ದಿನದ ಬದುಕಿನಲ್ಲಿ ಸಣ್ಣ ಬದಲಾವಣೆ

ಮೀನು ಹೆಚ್ಚುವುದನ್ನು ನೆಲದಿಂದ ಕಟ್ಟೆಯ ಮೇಲೆ ತನ್ನಿ. ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ಬದಲು ಕುರ್ಚಿಯಂಥ ಕಮೋಡ್, ಪಕ್ಕದಲ್ಲಿ ಹಿಡಿಕೆ ಇಡಿ. ವುಝೂ ಮಾಡುವಲ್ಲಿ ಒಂದು ಗಟ್ಟಿ ಸ್ಟೂಲ್, ಜಾರದ ಮ್ಯಾಟ್ ಇರಲಿ.

ಊರುಗೋಲನ್ನು ನೋವಿನ ಕಾಲಿನ ಬದಿಯಲ್ಲಿ ಅಲ್ಲ, ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಬಿಗಿತಕ್ಕೆ ಬಿಸಿ ಶಾಖ, ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್, 15 ನಿಮಿಷ. ಶುಗರ್‌ನಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗದೆ ಸುಟ್ಟು ಹೋಗಬಹುದು, ಎಚ್ಚರ.

ನಮಾಝ್, ರಮಝಾನ್, ಉಮ್ರಾ

ಕುರ್ಚಿಯಲ್ಲಿ ನಮಾಝ್ ಮಾಡಲು ಎಷ್ಟೋ ಹಿರಿಯರಿಗೆ ನಾಚಿಕೆ. ನಿಲ್ಲಲು ಆಗದವರಿಗೆ ಕೂತು ನಿರ್ವಹಿಸುವ ಅನುಮತಿ ದೀನ್‌ನಲ್ಲೇ ಇದೆ. ನಿಲ್ಲಲು ಆಗುತ್ತದೆ, ಸುಜೂದ್‌ಗೆ ಬಾಗಲು ಮಾತ್ರ ಆಗುವುದಿಲ್ಲ ಎನ್ನುವವರು ಯಾವುದನ್ನು ಹೇಗೆ ಮಾಡಬೇಕು ಎಂಬುದನ್ನು ಮಹಲ್ಲಿನ ಉಸ್ತಾದರಲ್ಲಿ ಕೇಳಿ ತಿಳಿಯಿರಿ. ಸುನ್ನತ್ ನಮಾಝ್ ಕೂತು ಮಾಡಬಹುದಾದ್ದರಿಂದ ತರಾವೀಹ್‌ನಲ್ಲಿ ನೋವು ತಡೆದುಕೊಂಡು ನಿಲ್ಲಬೇಕೆಂದಿಲ್ಲ.

ರಮಝಾನ್‌ನಲ್ಲಿ ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ಬೇಡವೇ ಬೇಡ. ಹೊತ್ತು ಬದಲಿಸುವ ಬಗ್ಗೆ ತಿಂಗಳು ಶುರುವಾಗುವ ಮೊದಲೇ ಡಾಕ್ಟರಲ್ಲಿ ಕೇಳಿ. ಉಮ್ರಾಕ್ಕೆ ಹೊರಟವರು ನೆನಪಿಡಿ: ಸಫಾ-ಮರ್ವಾ ನಡುವಿನ ಏಳು ನಡಿಗೆ ಸೇರಿದರೆ 3 ಕಿಲೋಮೀಟರಿಗೂ ಹೆಚ್ಚು. ಟಿಕೆಟ್ ತೆಗೆದ ದಿನದಿಂದಲೇ ನಡಿಗೆ ಅಭ್ಯಾಸ ಶುರು ಮಾಡಿ. ಅಲ್ಲಿ ವೀಲ್‌ಚೇರ್ ವ್ಯವಸ್ಥೆಯೂ ಉಂಟು.

ಆಪರೇಷನ್ ಯಾವಾಗ?

ವ್ಯಾಯಾಮ, ತೂಕ, ಮದ್ದು ಎಲ್ಲ ಸರಿಯಾಗಿ ಮಾಡಿದ ಮೇಲೂ ನೋವು ನಿದ್ದೆ, ನಡಿಗೆ ಕೆಡಿಸುತ್ತಿದ್ದರೆ ಗಂಟು ಬದಲಿಸುವ ಆಪರೇಷನ್ ಬಗ್ಗೆ ಯೋಚಿಸಬಹುದು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದ ಅಂದಾಜಿನಂತೆ ಪೂರ್ತಿ ಬದಲಿಸಿದ 100 ಮೊಣಗಂಟುಗಳಲ್ಲಿ ಸುಮಾರು 82, 25 ವರ್ಷ ಬಾಳುತ್ತವೆ. ಆದರೆ ಆಪರೇಷನ್ ನಂತರವೂ ವ್ಯಾಯಾಮ ತಪ್ಪದು, ನೆಲಕ್ಕೆ ಮೊಣಕಾಲೂರಲು ಹಲವರಿಗೆ ಕಷ್ಟವೇ.

ಖರ್ಚಿನ ಬಗ್ಗೆ: 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಗಂಟಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಬಗೆಗೆ ಆಗ ಇಟ್ಟದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಇದು ಗಂಟಿನ ಬೆಲೆ ಮಾತ್ರ, ಆಸ್ಪತ್ರೆಯ ಬಿಲ್ ಬೇರೆ. ಮಂಗಳೂರಿಗೆ ಹೋಗುವುದಿದ್ದರೂ ಎರಡನ್ನೂ ಬೇರೆ ಬೇರೆ ಬರೆಸಿಕೊಂಡು ಹೋಲಿಸಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಗೆ ರಕ್ಷಣೆ ಇದೆ. ಕಾರ್ಡ್ ಇರುವವರು, ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಯುವಕರಿಗೆ ಎರಡು ಮಾತು

ಸೆವೆನ್ಸ್ ಫುಟ್‌ಬಾಲ್, ಕಬಡ್ಡಿಯಲ್ಲಿ ಮೊಣಗಂಟಿಗೆ ಪೆಟ್ಟಾದರೆ ಪಟ್ಟಿ ಕಟ್ಟಿ ಮರುವಾರವೇ ಮೈದಾನಕ್ಕೆ ಇಳಿಯಬೇಡಿ. ಲಿಗಮೆಂಟ್ ಪೆಟ್ಟಾದ ಗಂಟಿಗೆ ಮುಂದೆ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಪೂರ್ತಿ ಚಿಕಿತ್ಸೆ ಮಾಡಿಸಿ.

ಎರಡನೆಯದು, ಮನೆಯ ಹಿರಿಯರಿಗೆ "ಕೂತ್ಕೊಳ್ಳಿ" ಎನ್ನುವ ಬದಲು "ಬನ್ನಿ, ಒಂದು ಸುತ್ತು ನಡೆಯುವಾ" ಎನ್ನಿ. ಊರಿನಲ್ಲಿರುವವರು ದಿನಕ್ಕೆ 10 ನಿಮಿಷ ಜೊತೆಗೆ ನಡೆಯಿರಿ. ಗಲ್ಫಿನಲ್ಲಿರುವವರು ವೀಡಿಯೊ ಕಾಲ್‌ನಲ್ಲಿ "ಇವತ್ತು ಎಷ್ಟು ಸಲ ಎದ್ದು ಕೂತಿರಿ?" ಎಂದು ಕೇಳಿ. ನಮ್ಮ ಅಣ್ಣ ಈಗ ಕೇಳುವುದು ಅದನ್ನೇ. ಉಮ್ಮನ ನೋವು ಪೂರ್ತಿ ಹೋಗಿಲ್ಲ, ನಮಾಝ್‌ಗೆ ಕುರ್ಚಿ ಈಗಲೂ ಬೇಕು. ಆದರೆ ಮೊನ್ನೆ ನೆರೆಮನೆಯ ಮದುವೆಗೆ ಅವರೇ ನಡೆದು ಹೋದರು.

ಅಲ್ಲಾಹನು ನಮ್ಮ ಹಿರಿಯರೆಲ್ಲರಿಗೂ ಶಿಫಾ ನೀಡಲಿ, ಅವರ ಸೇವೆ ಮಾಡುವ ತೌಫೀಕ್ ನಮಗೆ ನೀಡಲಿ. ಆಮೀನ್.